ಪದಚರ್ಚೆ: ಪ್ರಷ್ಯಾದ ‘ಲಾಂಟ್‌ಕ್ರೈಸ್’ ಎಂದರೆ ‘ಗ್ರಾಮಾಂತರ ಜಿಲ್ಲೆ’ಯೇ?

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಅನುವಾದದ ಕೆಲಸವೊಂದರಲ್ಲಿ ಎದುರಾದ ಪದದ ತೊಡಕನ್ನು ನಿಮ್ಮ ಮುಂದಿಡುತ್ತಿದ್ದೇನೆ. ನನ್ನ ತಮ್ಮನ ಮಗಳು ಬರ್ಲಿನ್ನಿನ ಹುಡುಗನನ್ನು ಮದುವೆಯಾಗಿ ಅಲ್ಲಿಯೇ ನೆಲೆಸಿದ್ದಾಳೆ. ಬೀಗರ ಮನೆಯವರು ನಾಲ್ಕು ತಲೆಮಾರಿನ ಜನನ, ವಿವಾಹ, ಮರಣದ ಕಾಗದಗಳನ್ನು ಜೋಪಾನವಾಗಿ ಕಾಪಾಡಿಕೊಂಡು ಬಂದಿದ್ದಾರೆ. ಅವುಗಳ ಸಾರವನ್ನು ಕನ್ನಡದಲ್ಲಿ ಬರೆದುಕೊಟ್ಟರೆ ಊರಿನಲ್ಲಿರುವ ನಮ್ಮ ಹಿರಿಯರೂ ಓದಿಕೊಳ್ಳಬಹುದೆಂದು ಹುಡುಗಿ ಕೇಳಿಕೊಂಡಳು. ಹೆಸರು, ತಾರೀಖು, ಕಸುಬುಗಳೆಲ್ಲ ಸುಲಭವಾಗಿ ಕನ್ನಡಕ್ಕೆ ಬಂದವು. ಬಾರದೆ ನಿಂತದ್ದು ಊರಿನ ಹೆಸರಿನ ಜೊತೆಗೆ ಬರುವ ಆಡಳಿತದ ಒಂದು ಪದ.

ಕಾಗದಗಳನ್ನು ಮೊದಲು ವಿವರಿಸಿಬಿಡುತ್ತೇನೆ. ಮೊದಲನೆಯದು 1897ರ ಜನನ ದಾಖಲೆ. ಅಚ್ಚಾದ ನಮೂನೆಯನ್ನು ಹಳೆಯ ಜರ್ಮನ್ ಕೈಬರಹದಲ್ಲಿ ತುಂಬಿದ್ದಾರೆ. “ಕೆಳಗೆ ರುಜು ಮಾಡಿರುವ ನೋಂದಣಾಧಿಕಾರಿಯ ಮುಂದೆ ಈ ದಿನ ಹಾಜರಾದವರು” ಎಂಬ ಒಕ್ಕಣೆಯಿಂದ ಅದು ಆರಂಭವಾಗುತ್ತದೆ. ಕೆಳಗಿನ ದುಂಡು ಮೊಹರಿನ ಅಂಚಿನಲ್ಲಿ ರಿಕ್ಸ್‌ಡೋರ್ಫ್ ಎಂಬ ಊರಿನ ಹೆಸರೂ ‘ಟೆಲ್ಟೋ ಕ್ರೈಸ್’ ಎಂಬ ಮಾತೂ ಇವೆ. ಟೆಲ್ಟೋ ಎಂಬುದು ಬರ್ಲಿನ್ನಿನ ದಕ್ಷಿಣದ ಸೀಮೆ, ‘ಕ್ರೈಸ್’ ಎಂಬುದು ಆಡಳಿತದ ಒಂದು ಘಟಕ. ಎರಡನೆಯದು ಅದೇ ದಂಪತಿಗಳ ಇನ್ನೊಂದು ಮಗುವಿನದು, 1903ರದು. ಬೀದಿ ಅದೇ, ಮನೆಯ ಸಂಖ್ಯೆಯೂ ಅದೇ, ಆದರೆ ಮೊಹರಿನಲ್ಲಿ ಟೆಲ್ಟೋ ಇಲ್ಲ. 1913ರ ಮೂರನೆಯ ಕಾಗದದಲ್ಲಿ ರಿಕ್ಸ್‌ಡೋರ್ಫ್ ಎಂಬ ಹೆಸರೂ ಹೋಗಿ ‘ನೊಯ್‌ಕೋಲ್ನ್’ ಎಂದಾಗಿದೆ. 1922ರ ವಿವಾಹ ಪತ್ರದಲ್ಲಿ ಅದು ‘ಬರ್ಲಿನ್-ನೊಯ್‌ಕೋಲ್ನ್’. ಮನೆಯನ್ನು ಯಾರೂ ಬದಲಿಸಿಲ್ಲ. ಮನೆಯ ಸುತ್ತಲಿನ ಆಡಳಿತವೇ ಮೂರು ಬಾರಿ ಹೆಸರು ಬದಲಿಸಿದೆ. ಐದನೆಯ ಕಾಗದ 1940ರದು. ಅಷ್ಟರಲ್ಲಿ ಈ ಮನೆತನದ ಒಂದು ಕವಲು ದಕ್ಷಿಣಕ್ಕೆ, ತ್ಸೋಸೆನ್ ಎಂಬ ಸಣ್ಣ ಪಟ್ಟಣದ ಕಡೆಗೆ ಹೋಗಿ ನೆಲೆಸಿತ್ತು. ಅಲ್ಲಿಯ ಮೊಹರಿನಲ್ಲಿ ಟೆಲ್ಟೋ ಮತ್ತೆ ಕಾಣಿಸಿಕೊಳ್ಳುತ್ತದೆ, ಆದರೆ ಈ ಬಾರಿ ‘ಕ್ರೈಸ್’ ಅಲ್ಲ, ‘ಲಾಂಟ್‌ಕ್ರೈಸ್’.

ನನ್ನ ಮೊದಲ ಕರಡಿನಲ್ಲಿ ಒಂದನೆಯದಕ್ಕೂ ಐದನೆಯದಕ್ಕೂ ‘ಟೆಲ್ಟೋ ಗ್ರಾಮಾಂತರ ಜಿಲ್ಲೆ’ ಎಂದೇ ಬರೆದಿದ್ದೆ. ಇಂಗ್ಲಿಷಿನ ಮೂಲಕ ಜರ್ಮನ್ ವಿಷಯಗಳನ್ನು ಓದುವವರಿಗೆ ಮೊದಲು ತೋಚುವುದು ಅದೇ. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಹೆಸರು ಕಿವಿಗೆ ಒಗ್ಗಿರುವುದರಿಂದ ಓದುಗರಿಗೂ ಎಲ್ಲೂ ತಡೆಯುವುದಿಲ್ಲ. ಆದರೆ ಟೆಲ್ಟೋವಿನ ಆಡಳಿತದ ಚರಿತ್ರೆಯನ್ನು ಓದುತ್ತ ಹೋದಂತೆ, 1897ರ ಮೊಹರಿಗೆ ಆ ಪದ ತಪ್ಪೆಂದೂ 1940ರ ಮೊಹರಿಗೆ ಅದು ಸಲ್ಲಬಹುದೆಂದೂ ನನಗೆ ಮನವರಿಕೆಯಾಗಿದೆ. ಮೊಹರುಗಳೇ ಇಟ್ಟುಕೊಂಡಿರುವ ವ್ಯತ್ಯಾಸವನ್ನು ಅನುವಾದ ಅಳಿಸಿಹಾಕಬಾರದು ಎಂಬುದು ನನ್ನ ನಿಲುವು. ಅದಕ್ಕೆ ಕಾರಣಗಳನ್ನು ತುಸು ವಿವರವಾಗಿಯೇ ಹೇಳುತ್ತೇನೆ.

‘ಕ್ರೈಸ್’ ಎಂದರೆ ಜರ್ಮನ್ನಿನಲ್ಲಿ ವೃತ್ತ, ಬಳೆಯಾಕಾರ. ಈ ಅರ್ಥವನ್ನು ಕಂಡ ಕೂಡಲೇ ನನಗೆ ನೆನಪಾದದ್ದು ‘ಮಂಡಲ’. ನಮ್ಮಲ್ಲಿಯೂ ಮಂಡಲವೆಂದರೆ ಮೊದಲು ವೃತ್ತ, ಆಮೇಲೆ ಸೀಮೆ. ಮಂಡಲವನ್ನು ಆಳುವವನು ಮಾಂಡಲಿಕ. ಎರಡು ಭಾಷೆಗಳಲ್ಲಿ ಒಂದೇ ಹಾದಿಯಲ್ಲಿ ಅರ್ಥ ನಡೆದಿರುವುದನ್ನು ನೋಡಿ ಸಂತೋಷವಾಯಿತು, ‘ಟೆಲ್ಟೋ ಮಂಡಲ’ ಎಂದು ಬರೆದೂ ನೋಡಿದೆ. ಆದರೆ ಇಂದಿನ ಓದುಗರಿಗೆ ಮಂಡಲ ಎಂದರೆ 1987ರ ಚುನಾವಣೆಯಿಂದ ಬಂದ ಮಂಡಲ ಪಂಚಾಯಿತಿ ಅಥವಾ ನೆರೆಯ ಆಂಧ್ರದಲ್ಲಿ ತಾಲ್ಲೂಕಿಗಿಂತ ಚಿಕ್ಕದಾದ ಘಟಕ. ಅಳತೆಯೇ ಕುಗ್ಗಿಬಿಡುತ್ತದೆ. ‘ವೃತ್ತ’ ಎಂದರೆ ಗ್ರಾಮಲೆಕ್ಕಿಗರ ವೃತ್ತ, ‘ಸರ್ಕಲ್’ ಎಂದರೆ ಪೊಲೀಸು. ಪದವನ್ನು ಹಾಗೆಯೇ ‘ಕ್ರೈಸ್’ ಎಂದು ಉಳಿಸಿಕೊಳ್ಳುವುದಕ್ಕೂ ನಮ್ಮಲ್ಲಿ ಒಂದು ಅಡ್ಡಿಯಿದೆ: ಮೊರಾರ್ಜಿ ದೇಸಾಯಿ ವಸತಿ ಶಾಲೆಗಳನ್ನು ನಡೆಸುವ ಸರ್ಕಾರಿ ಸಂಸ್ಥೆಯ ಹ್ರಸ್ವನಾಮವೂ ‘ಕ್ರೈಸ್’ ಎಂದೇ ಪತ್ರಿಕೆಗಳಲ್ಲಿ ಅಚ್ಚಾಗುತ್ತದೆ, ಷಷ್ಠಿ ಪ್ರತ್ಯಯ ಸೇರಿಸಿದರೆ ‘ಕ್ರೈಸ್ತ’ ಎಂದು ಕಣ್ಣು ತಪ್ಪಿ ಓದುವ ಸಂಭವವೂ ಉಂಟು. ಚರ್ಚೆಯ ಅನುಕೂಲಕ್ಕಾಗಿ ಈ ಪತ್ರದಲ್ಲಿ ಕ್ರೈಸ್ ಎಂದೇ ಬಳಸುತ್ತೇನೆ. ಟೆಲ್ಟೋ ಎಂಬ ಹೆಸರಿನ ಕೊನೆಯಲ್ಲಿ ಜರ್ಮನ್ ಬರಹದಲ್ಲಿ ವಕಾರವಿದ್ದರೂ ಉಚ್ಚಾರದಲ್ಲಿ ಅದಿಲ್ಲ. ಆ ಸೀಮೆಯ ಅನೇಕ ಊರುಗಳಿಗಿರುವ ಸ್ಲಾವಿಕ್ ಮೂಲದ ಅಂತ್ಯ ಅದು. ಆದ್ದರಿಂದ ‘ಟೆಲ್ಟೋವ್’ ಎಂದು ಬರೆಯಬಾರದೆಂಬ ವಿನಂತಿಯನ್ನೂ ಇಲ್ಲೇ ಸೇರಿಸಿಬಿಡುತ್ತೇನೆ.

ಇನ್ನು ಅದು ಜಿಲ್ಲೆಯೋ ತಾಲ್ಲೂಕೋ ಎಂಬ ಪ್ರಶ್ನೆ. ನೆಪೋಲಿಯನ್ನನ ಯುದ್ಧಗಳು ಮುಗಿದ ಮೇಲೆ, 1815ರ ಏಪ್ರಿಲ್ 30ರ ಆಜ್ಞೆಯಿಂದ, ಬರ್ಲಿನ್ ರಾಜಧಾನಿಯಾಗಿದ್ದ ಪ್ರಷ್ಯಾ ರಾಜ್ಯ ತನ್ನ ಆಡಳಿತವನ್ನು ಹೊಸದಾಗಿ ಕಟ್ಟಿತು. ಮೇಲೆ ಪ್ರಾಂತಗಳು, ಅವುಗಳ ಕೆಳಗೆ ‘ರೆಗೀರುಂಗ್ಸ್‌ಬೆತ್ಸಿರ್ಕ್’ ಎಂಬ ಘಟಕಗಳು, ಅವುಗಳ ಕೆಳಗೆ ಕ್ರೈಸುಗಳು. ಟೆಲ್ಟೋ ಸೇರಿದ್ದು ಬ್ರಾಂಡೆನ್‌ಬುರ್ಗ್ ಪ್ರಾಂತದ ಪೋಟ್ಸ್‌ಡಾಮ್ ಘಟಕಕ್ಕೆ. ಆರಂಭದಲ್ಲಿ ಅದು ‘ಟೆಲ್ಟೋ-ಸ್ಟೋರ್ಕೋ’ ಎಂಬ ಜೋಡಿ ಕ್ರೈಸಾಗಿತ್ತು. 1835ರಲ್ಲಿ ಸ್ಟೋರ್ಕೋ ಭಾಗ ಬೇರೆಯಾಗಿ, ಟೆಲ್ಟೋ ಒಂದೇ ಉಳಿಯಿತು. ವಿಸ್ತೀರ್ಣವನ್ನು ನೋಡಿದರೆ ಪ್ರಷ್ಯಾದ ಬಹುಪಾಲು ಕ್ರೈಸುಗಳು ನಮ್ಮ ತಾಲ್ಲೂಕಿನ ಅಳತೆಯವೇ. ಹಾಗೆಂದು ತಾಲ್ಲೂಕು ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ತಾಲ್ಲೂಕು ಎಂಬ ಮಾತಿನ ಅರಬ್ಬಿ ಮೂಲದಲ್ಲಿಯೇ ಇನ್ನೊಂದಕ್ಕೆ ಅಂಟಿಕೊಂಡಿರುವುದು, ಅಧೀನವಾಗಿರುವುದು ಎಂಬ ಭಾವವಿದೆ. ನಮ್ಮ ಬಳಕೆಯಲ್ಲಿಯೂ ತಾಲ್ಲೂಕು ಎಂದ ಕೂಡಲೇ ‘ಯಾವ ಜಿಲ್ಲೆ?’ ಎಂಬ ಪ್ರಶ್ನೆ ಏಳುತ್ತದೆ. ಕ್ರೈಸಿನವನಿಗೆ ಆ ಪ್ರಶ್ನೆ ಏಳುತ್ತಿರಲಿಲ್ಲ. ತನ್ನ ಊರನ್ನು ಹೇಳಿ, ಕ್ರೈಸನ್ನು ಹೇಳಿದರೆ ಅವನ ವಿಳಾಸ ಮುಗಿಯುತ್ತಿತ್ತು. ರೆಗೀರುಂಗ್ಸ್‌ಬೆತ್ಸಿರ್ಕನ್ನು ಬೆಳಗಾವಿ ವಿಭಾಗ, ಕಲಬುರಗಿ ವಿಭಾಗ ಎನ್ನುವ ಅರ್ಥದಲ್ಲಿ ‘ವಿಭಾಗ’ ಎಂದು ಕರೆದರೆ ಕ್ರೈಸ್ ತಾನಾಗಿ ‘ಜಿಲ್ಲೆ’ಯಾಗುತ್ತದೆ, ಮೆಟ್ಟಿಲುಗಳೂ ಸರಿಹೊಂದುತ್ತವೆ.

ಈಗ ‘ಗ್ರಾಮಾಂತರ’ದ ವಿಚಾರ. ಸಂಸ್ಕೃತದ ಕಟ್ಟಿನಲ್ಲಿ ಗ್ರಾಮಾಂತರವೆಂದರೆ ದೇಶಾಂತರ, ಜನ್ಮಾಂತರಗಳಂತೆ ‘ಬೇರೊಂದು ಗ್ರಾಮ’ ಎಂದಾಗಬೇಕು. ಕನ್ನಡ ಅದನ್ನು ಹಳ್ಳಿಗಾಡು ಎಂಬ ಅರ್ಥಕ್ಕೆ ತಿರುಗಿಸಿಕೊಂಡಿದೆ, ಅದರಲ್ಲಿ ತಪ್ಪೇನೂ ಇಲ್ಲ. ಪ್ರಶ್ನೆ ಇರುವುದು, ಟೆಲ್ಟೋ ಹಳ್ಳಿಗಾಡಿನ ಆಡಳಿತವಾಗಿತ್ತೇ ಎಂಬುದು. ಹದಿನೆಂಟನೆಯ ಶತಮಾನದಲ್ಲಿ ಖಂಡಿತ ಆಗಿತ್ತು. ಆಗ ಪ್ರಷ್ಯಾದಲ್ಲಿ ಹಳ್ಳಿಗಳ ಜನ ಭೂಮಿಯ ಮೇಲಿನ ಕಂದಾಯ ಕಟ್ಟುತ್ತಿದ್ದರು, ಪಟ್ಟಣದವರು ಸರಕಿನ ಮೇಲಿನ ಸುಂಕ ಕಟ್ಟುತ್ತಿದ್ದರು. ಎರಡು ಬಗೆಯ ತೆರಿಗೆಗೆ ಎರಡು ಬಗೆಯ ಅಧಿಕಾರಿಗಳು. ಹಳ್ಳಿಗಳ ಮೇಲೆ ‘ಲಾಂಟ್‌ರಾಟ್’, ಪಟ್ಟಣಗಳ ಮೇಲೆ ‘ಷ್ಟೋಯರ್‌ರಾಟ್’ ಎಂಬ ಸುಂಕದ ಅಧಿಕಾರಿ. ಪಟ್ಟಣದ ಕೋಟೆಬಾಗಿಲಿನ ಒಳಗೆ ಲಾಂಟ್‌ರಾಟನ ಮಾತು ನಡೆಯುತ್ತಿರಲಿಲ್ಲ. 1815ರ ಸುಧಾರಣೆಯ ಮುಖ್ಯ ಫಲಗಳಲ್ಲಿ ಒಂದು ಈ ಗೋಡೆ ಬಿದ್ದದ್ದು. ಅಲ್ಲಿಂದ ಮುಂದೆ ಕೋಪೆನಿಕ್, ಮಿಟೆನ್‌ವಾಲ್ಡೆ, ತ್ಸೋಸೆನ್, ಟ್ರೆಬಿನ್, ಟೆಲ್ಟೋ ಪಟ್ಟಣಗಳೆಲ್ಲ ಅದೇ ಕ್ರೈಸಿನೊಳಗೆ, ಅದೇ ಲಾಂಟ್‌ರಾಟನ ಕೆಳಗೆ ಬಂದವು. ಹಳ್ಳಿ ಮತ್ತು ಪಟ್ಟಣಗಳನ್ನು ಒಟ್ಟಿಗೆ ಸೇರಿಸಿದ್ದೇ ಹೊಸ ಕ್ರೈಸಿನ ಗುಣವಾಗಿರುವಾಗ ಅದಕ್ಕೆ ‘ಗ್ರಾಮಾಂತರ’ ಎಂಬ ಹಣೆಪಟ್ಟಿ ಹಚ್ಚಿದರೆ ಆ ಸುಧಾರಣೆಯ ಅರ್ಥವೇ ಮರೆಯಾಗುತ್ತದೆ.

ಮೊಹರಿನ ಸಾಕ್ಷ್ಯವೂ ಇದನ್ನೇ ಹೇಳುತ್ತದೆ. 1897ರಲ್ಲಿ ಅಧಿಕೃತ ಹೆಸರು ‘ಕ್ರೈಸ್’ ಮಾತ್ರ. ನಾಡು ಎಂಬ ಅರ್ಥದ ‘ಲಾಂಟ್’ ಎಂಬ ಪೂರ್ವಪದ ಅಲ್ಲಿಲ್ಲ. ಅಂದಿನ ಪ್ರಷ್ಯಾದಲ್ಲಿ ಆ ಪೂರ್ವಪದ ಬೇಕಾಗುತ್ತಿದ್ದದ್ದು, ಒಂದೇ ಹೆಸರಿನ ದೊಡ್ಡ ನಗರವೂ ಅದನ್ನು ಸುತ್ತುವರಿದ ಪ್ರದೇಶವೂ ಬೇರೆ ಬೇರೆ ಕ್ರೈಸುಗಳಾದಾಗ. ಪೂರ್ವ ಪ್ರಷ್ಯಾದ ಕೋನಿಗ್ಸ್‌ಬೆರ್ಗ್ ಅದಕ್ಕೆ ಒಳ್ಳೆಯ ಉದಾಹರಣೆ: ನಗರವೇ ಒಂದು ‘ಷ್ಟಾಟ್‌ಕ್ರೈಸ್’, ಸುತ್ತಲಿನದು ‘ಲಾಂಟ್‌ಕ್ರೈಸ್’. ನಮ್ಮ ‘ಗ್ರಾಮಾಂತರ ಪೊಲೀಸ್ ಠಾಣೆ’ಗಳ ಹೆಸರೂ ಹೀಗೆಯೇ ಹುಟ್ಟಿದ್ದು. ಅಲ್ಲಿ ಗ್ರಾಮಾಂತರವೆಂದರೆ ‘ಅದೇ ಹೆಸರಿನ ಪಟ್ಟಣವನ್ನು ಬಿಟ್ಟು ಉಳಿದದ್ದು’ ಎಂದು ಅರ್ಥವೇ ಹೊರತು, ಹೊಲಗದ್ದೆಯ ನಾಡು ಎಂದಲ್ಲ. ಇಡೀ ಜರ್ಮನಿಗೆ ‘ಲಾಂಟ್‌ಕ್ರೈಸ್’ ಎಂಬ ಒಂದೇ ಹೆಸರು ಬಂದದ್ದು 1939ರ ಜನವರಿ 1ರಿಂದ. ಬವೇರಿಯ, ಸಾಕ್ಸನಿಗಳಲ್ಲಿ ಅದುವರೆಗೆ ಬೇರೆ ಬೇರೆಯೇ ಹೆಸರುಗಳಿದ್ದವು. ಯುದ್ಧದ ನಂತರವೂ ನಾರ್ಡ್‌ರೈನ್-ವೆಸ್ಟ್‌ಫಾಲೆನ್, ಶ್ಲೇಸ್ವಿಗ್-ಹೋಲ್‌ಷ್ಟೈನ್ ರಾಜ್ಯಗಳು ಹಳೆಯ ಪ್ರಷ್ಯನ್ ರೂಢಿಯಂತೆ ಬರಿಯ ‘ಕ್ರೈಸ್’ ಎಂದೇ ಬಳಸುತ್ತ ಬಂದಿವೆ. ಆದ್ದರಿಂದ 1940ರ ಮೊಹರಿಗೆ, ‘ನಗರ ಜಿಲ್ಲೆಯಲ್ಲದ್ದು’ ಎಂಬ ಈ ಸೀಮಿತ ಅರ್ಥದಲ್ಲಿ, ಗ್ರಾಮಾಂತರ ಜಿಲ್ಲೆ ಎನ್ನಬಹುದು. 1897ರದಕ್ಕೆ ಅದು ಕಾಲದೋಷ.

ಬೆಂಗಳೂರಿನ ಹೋಲಿಕೆ ಇಲ್ಲಿ ನಿಜವಾಗಿಯೂ ಸಹಾಯಕ್ಕೆ ಬರುತ್ತದೆ, ಅದನ್ನು ಬಿಟ್ಟುಕೊಡಲು ನನಗಿಷ್ಟವಿಲ್ಲ. 1986ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆ ರಚನೆಯಾದ ಮೇಲೆ ಬಹುಕಾಲ ಅದರ ಜಿಲ್ಲಾಧಿಕಾರಿ ಕಚೇರಿ ನಗರದೊಳಗೇ ಇತ್ತು. ದೇವನಹಳ್ಳಿಯವರೂ ಹೊಸಕೋಟೆಯವರೂ ತಮ್ಮ ಜಿಲ್ಲೆಯ ಕೆಲಸಕ್ಕೆ ಇನ್ನೊಂದು ಜಿಲ್ಲೆಗೆ ಬರಬೇಕಾಗಿತ್ತು. ಟೆಲ್ಟೋ ಕ್ರೈಸಿನ ಕಚೇರಿಯೂ ಬರ್ಲಿನ್ನಿನಲ್ಲಿಯೇ, ಟೀರ್‌ಗಾರ್ಟನ್ ಉದ್ಯಾನದ ಬಳಿಯ ವಿಕ್ಟೋರಿಯಾ ಬೀದಿಯಲ್ಲಿತ್ತು. 1881ರಲ್ಲಿ ಬರ್ಲಿನ್ ನಗರ ಬ್ರಾಂಡೆನ್‌ಬುರ್ಗ್ ಪ್ರಾಂತದಿಂದಲೇ ಹೊರಬಂದದ್ದರಿಂದ ಆ ಕಚೇರಿ ತನ್ನ ಕ್ರೈಸಿನ ಹೊರಗೆ ಮಾತ್ರವಲ್ಲ, ತನ್ನ ಪ್ರಾಂತದ ಹೊರಗೂ ಇತ್ತು. ಕ್ರೈಸಿಗೆ ಹೆಸರು ಕೊಟ್ಟ ಟೆಲ್ಟೋ ಪಟ್ಟಣಕ್ಕೆ ಆ ಕಚೇರಿಯ ಭಾಗ್ಯ ದೊರೆಯಲಿಲ್ಲ.

ಮಹಾನಗರದ ಪಕ್ಕದಲ್ಲಿರುವ ಜಿಲ್ಲೆಯ ಪಾಡು ಎಲ್ಲಿಯೂ ಒಂದೇ. 1861ರಲ್ಲಿಯೇ ಬರ್ಲಿನ್ ಟೆಲ್ಟೋವಿನ ಉತ್ತರದ ಅಂಚನ್ನು ತನ್ನೊಳಗೆ ಸೇರಿಸಿಕೊಂಡಿತ್ತು. 1872ರ ಕಾಯ್ದೆಯ ಪ್ರಕಾರ, ಸೈನಿಕರನ್ನು ಬಿಟ್ಟು 25,000 ನಿವಾಸಿಗಳಿರುವ ಪಟ್ಟಣ ತನ್ನ ಕ್ರೈಸಿನಿಂದ ಹೊರಬಂದು ತಾನೇ ಒಂದು ಕ್ರೈಸಾಗಬಹುದಿತ್ತು. ಷಾರ್ಲೊಟೆನ್‌ಬುರ್ಗ್ 1877ರಲ್ಲಿ ಹೊರಬಂದಿತು. 1899ರಲ್ಲಿ ಶೋನೆಬೆರ್ಗ್ ಮತ್ತು ನಮ್ಮ ಬೀಗರ ರಿಕ್ಸ್‌ಡೋರ್ಫ್ ಹೊರಬಂದವು. 1903ರ ಮೊಹರಿನಲ್ಲಿ ಟೆಲ್ಟೋ ಇಲ್ಲದಿರುವುದಕ್ಕೆ ಕಾರಣ ಇದೇ. 1907ರಲ್ಲಿ ವಿಲ್ಮರ್ಸ್‌ಡೋರ್ಫ್ ಹೋಯಿತು. 1912ರ ಜನವರಿ 27ರಂದು, ಚಕ್ರವರ್ತಿಯ ಹುಟ್ಟುಹಬ್ಬದ ದಿನ, ರಿಕ್ಸ್‌ಡೋರ್ಫ್ ತನ್ನ ಹೆಸರನ್ನು ನೊಯ್‌ಕೋಲ್ನ್ ಎಂದು ಬದಲಿಸಿಕೊಂಡಿತು. 1920ರ ಅಕ್ಟೋಬರ್ 1ರಂದು 8 ನಗರಗಳು, 59 ಗ್ರಾಮಗಳು, 27 ಜಮೀನು ಘಟಕಗಳು ಸೇರಿ ಬೃಹತ್ ಬರ್ಲಿನ್ ಆದಾಗ ಟೆಲ್ಟೋ ತನ್ನ ಜನಸಂಖ್ಯೆಯ ದೊಡ್ಡ ಪಾಲನ್ನೂ ಕೋಪೆನಿಕ್ ಪಟ್ಟಣವನ್ನೂ ಕಳೆದುಕೊಂಡಿತು. ಹಳ್ಳಿಗಾಡಿನ ಗುಣ ನಿಜವಾಗಿ ಅದಕ್ಕೆ ಬಂದದ್ದು ಆಮೇಲೆಯೇ ಎನ್ನಬಹುದು.

‘ಗ್ರಾಮ’ ಎಂದೆನಲ್ಲ, ಅದೂ ಒಂದು ಸಮಸ್ಯೆಯೇ. ಮೂಲದಲ್ಲಿ ಅದು ‘ಲಾಂಟ್‌ಗೆಮೈಂಡೆ’, ಪಟ್ಟಣದ ಹಕ್ಕು ಪಡೆಯದ ಸ್ಥಳೀಯ ಸಮುದಾಯ. ರಿಕ್ಸ್‌ಡೋರ್ಫ್ 1899ರಲ್ಲಿ ಪಟ್ಟಣವಾಗುವ ಹೊತ್ತಿಗೆ ಸುಮಾರು 90,000 ಜನರಿದ್ದ ‘ಗ್ರಾಮ’ವಾಗಿತ್ತು. ಟೆಲ್ಟೋದೇ ಆದ ಷ್ಟೇಗ್ಲಿಟ್ಸ್ 1920ರಲ್ಲಿ ಬರ್ಲಿನ್ನಿಗೆ ಸೇರುವವರೆಗೂ ಕಾನೂನಿನ ಪ್ರಕಾರ ಗ್ರಾಮವಾಗಿಯೇ ಉಳಿಯಿತು. ಅದರ ಜನಸಂಖ್ಯೆ 80,000 ದಾಟಿತ್ತು. ಇಟ್ಟಿಗೆಯ ದೊಡ್ಡ ಪುರಭವನ, ಪ್ರೌಢಶಾಲೆ, ರೈಲು ನಿಲ್ದಾಣಗಳಿದ್ದ ಊರನ್ನು ಕನ್ನಡದಲ್ಲಿ ‘ಹಳ್ಳಿ’ ಎಂದು ಬರೆದರೆ ಓದುವ ಅಜ್ಜಿ ಹುಲ್ಲಿನ ಬಣವೆಯನ್ನೂ ದನಗಳನ್ನೂ ಕಲ್ಪಿಸಿಕೊಳ್ಳುತ್ತಾರೆ. ಆದರೆ ‘ಗ್ರಾಮ’ ಎಂಬ ಮಾತು ಕಾಗದಪತ್ರದ ಮಾತು, ಅದು ಇಂಥ ಭಾರವನ್ನು ಹೊರಬಲ್ಲದು. ಹತ್ತನೆಯ ಮಹಡಿಯ ಫ್ಲ್ಯಾಟಿನ ಕ್ರಯಪತ್ರದಲ್ಲಿಯೂ ‘ಬೆಂಗಳೂರು ದಕ್ಷಿಣ ತಾಲ್ಲೂಕು, ಉತ್ತರಹಳ್ಳಿ ಹೋಬಳಿ’ ಎಂದು ಬರೆದು, ಇಂಥ ಗ್ರಾಮದ ಇಂಥ ಸರ್ವೆ ನಂಬರು ಎಂದು ಮುಂದುವರಿಸುವುದನ್ನು ನಾವೆಲ್ಲ ನೋಡಿದ್ದೇವೆ. ಆದ್ದರಿಂದ ಲಾಂಟ್‌ಗೆಮೈಂಡೆಗೆ ಎಲ್ಲ ಕಡೆಯೂ ‘ಗ್ರಾಮ’, ಎಲ್ಲಿಯೂ ‘ಹಳ್ಳಿ’ ಅಲ್ಲ ಎಂದು ತೀರ್ಮಾನಿಸಿದ್ದೇನೆ. ಇದರ ಬಗ್ಗೆ ಆಕ್ಷೇಪವಿದ್ದರೆ ತಿಳಿಸಬೇಕು.

‘ಜಮೀನು ಘಟಕ’ ಎಂಬುದು ನಾನು ತಾತ್ಕಾಲಿಕವಾಗಿ ಇಟ್ಟುಕೊಂಡಿರುವ ಪದ. ಅದರಲ್ಲಿ ನನಗೆ ಸಮಾಧಾನವಿಲ್ಲ. ಮೂಲಪದ ‘ಗೂಟ್ಸ್‌ಬೆತ್ಸಿರ್ಕ್’. ಅದು ಯಾವ ಗ್ರಾಮಕ್ಕೂ ಸೇರದ ಭೂಮಿ. ಸಾಮಾನ್ಯವಾಗಿ ಒಬ್ಬ ದೊಡ್ಡ ಹಿಡುವಳಿದಾರನದು. ಬೇರೆ ಕಡೆ ಗ್ರಾಮಸಂಸ್ಥೆ ಮಾಡುವ ಕೆಲಸಗಳನ್ನು, ಅಂದರೆ ರಸ್ತೆ, ಬಡವರ ಪೋಷಣೆ, ಶಾಲೆಯ ಖರ್ಚು ಇತ್ಯಾದಿಗಳನ್ನು, ಅಲ್ಲಿ ಜಮೀನಿನ ಯಜಮಾನನೇ ನೋಡಿಕೊಳ್ಳಬೇಕಾಗಿತ್ತು. ಅಲ್ಲಿ ವಾಸಿಸುವ ಕೂಲಿಯವರಿಗೆ ಸ್ಥಳೀಯ ಆಡಳಿತದಲ್ಲಿ ಮತವೂ ಇರಲಿಲ್ಲ, ಮಾತೂ ಇರಲಿಲ್ಲ. ‘ಇನಾಂ ಗ್ರಾಮ’ ಎನ್ನೋಣವೆಂದರೆ ಇನಾಮಿನಲ್ಲಿ ದೊರೆ ಬಿಟ್ಟುಕೊಡುವುದು ಕಂದಾಯವನ್ನು, ಇಲ್ಲಿ ಯಜಮಾನನದು ಭೂಮಿಯ ಒಡೆತನವೇ. ‘ಜಹಗೀರು’ ಸೇವೆಗೆ ಪ್ರತಿಯಾಗಿ ಬಂದದ್ದು. ‘ಎಸ್ಟೇಟ್’ ಎಂದರೆ ಕೊಡಗು, ಚಿಕ್ಕಮಗಳೂರುಗಳ ಕಾಫಿ ತೋಟ ಕಣ್ಣಿಗೆ ಕಟ್ಟುತ್ತದೆ. ಅಲ್ಲದೆ ಸರ್ಕಾರಿ ಕಾಡುಗಳೂ ಈ ವರ್ಗಕ್ಕೆ ಸೇರಿದ್ದವು. ಬರ್ಲಿನ್ ನಗರದ ನಟ್ಟನಡುವಿನ ರಾಜರ ಅರಮನೆ ಕೂಡ ಕಾನೂನಿನಲ್ಲಿ ಒಂದು ಗೂಟ್ಸ್‌ಬೆತ್ಸಿರ್ಕೇ ಆಗಿತ್ತು, 1920ರಲ್ಲಿ ಸೇರಿದ 27ರಲ್ಲಿ ಅದೂ ಒಂದು. 1927ರ ಡಿಸೆಂಬರಿನ ಕಾನೂನಿನಿಂದ ಪ್ರಷ್ಯಾ ಇಂಥ ಘಟಕಗಳನ್ನು ರದ್ದುಮಾಡತೊಡಗಿ, 1928ರಲ್ಲಿ ಅವುಗಳಲ್ಲಿ ಬಹುಪಾಲು ಅಕ್ಕಪಕ್ಕದ ಗ್ರಾಮಗಳಲ್ಲಿ ಕರಗಿದವು. ಗ್ರಾಮಲೆಕ್ಕಕ್ಕೆ ಸೇರದ ಭೂಮಿಗೆ ನಮ್ಮ ಕಡೆಯ ಹಳೆಯ ಕಂದಾಯ ಬಳಕೆಯಲ್ಲಿ ಒಂದು ಪದ ಇದ್ದಿರಬೇಕು. ಶಾನುಭೋಗರ ಮನೆಗಳಿಂದ ಬಂದವರು ಬಳಗದಲ್ಲಿದ್ದಾರೆ, ಅವರು ಹೇಳಬೇಕು.

ಎಲ್ಲಕ್ಕಿಂತ ಹೆಚ್ಚು ಯೋಚನೆಗೆ ಹಚ್ಚಿರುವುದು ‘ಲಾಂಟ್‌ರಾಟ್’. ‘ರಾಟ್’ ಎಂದರೆ ಸಲಹೆಗಾರ, ಸಮಾಲೋಚಕ. ‘ಲಾಂಟ್’ಗೆ ಇಲ್ಲಿ ಕನ್ನಡದ ‘ನಾಡು’ ಬಹಳ ಹತ್ತಿರ ಬರುತ್ತದೆ, ಏಕೆಂದರೆ ಎರಡರಲ್ಲಿಯೂ ದೇಶ, ಸೀಮೆ, ಊರಾಚೆಯ ನೆಲ ಎಂಬ ಮೂರೂ ಅರ್ಥಗಳು ಒಟ್ಟಿಗಿವೆ. ನಾಡಹೆಂಚು, ನಾಡಕಚೇರಿ, ಯಲಹಂಕ ನಾಡು, ಕನ್ನಡನಾಡು ಎಂಬ ಬಳಕೆಗಳನ್ನು ನೆನೆಸಿಕೊಳ್ಳಿ. ಈ ಹುದ್ದೆಯ ಬೇರು ಹದಿನೇಳನೆಯ ಶತಮಾನದ ಯುದ್ಧಕಾಲದಲ್ಲಿದೆ. ದಂಡು ಹಾದುಹೋಗುವಾಗ ಅದಕ್ಕೆ ವಸತಿ, ಮೇವು, ಯುದ್ಧದ ತೆರಿಗೆಗಳನ್ನು ಒದಗಿಸಲು ಪ್ರತಿ ಕ್ರೈಸಿನಲ್ಲಿ ಸ್ಥಳೀಯ ಜಮೀನ್ದಾರ ಮನೆತನಗಳ ಒಬ್ಬನನ್ನು ನೇಮಿಸುತ್ತಿದ್ದರು. ಅವನು ದೊರೆಯ ಮುಂದೆ ತನ್ನ ಸೀಮೆಯ ಒಡೆಯರ ಪರವಾಗಿ ನಿಲ್ಲುತ್ತಿದ್ದ, ಒಡೆಯರ ಮುಂದೆ ದೊರೆಯ ಪರವಾಗಿ ನಿಲ್ಲುತ್ತಿದ್ದ. ಈ ಹಂತದವರೆಗೆ ‘ನಾಡಗೌಡ’ ಎಂಬ ಪದ ನನ್ನನ್ನು ತುಂಬ ಸೆಳೆಯಿತು. ಆದರೆ ನಾಡಗೌಡಿಕೆ ವಂಶಪಾರಂಪರ್ಯದ್ದು, ಇದು ಹಾಗಲ್ಲ. ಹತ್ತೊಂಬತ್ತನೆಯ ಶತಮಾನ ಮುಂದುವರಿದಂತೆ ಕಾನೂನು ಓದಿ ಪರೀಕ್ಷೆ ಮುಗಿಸಿದ ಸಂಬಳದ ಅಧಿಕಾರಿಗಳೇ ಈ ಸ್ಥಾನಕ್ಕೆ ಹೆಚ್ಚು ಹೆಚ್ಚಾಗಿ ಬರತೊಡಗಿದರು.

ಹಾಗಾದರೆ ‘ಜಿಲ್ಲಾಧಿಕಾರಿ’ ಎಂದುಬಿಡಬಹುದಲ್ಲ ಎನ್ನುವವರಿಗೆ 1872ರ ಡಿಸೆಂಬರ್ 13ರ ಕ್ರೈಸ್ ಕಾಯ್ದೆಯನ್ನು ತೋರಿಸಬೇಕು. ಪೂರ್ವದ ಪ್ರಾಂತಗಳಿಗಾಗಿ ಬಂದ ಈ ಕಾಯ್ದೆ ಜಮೀನ್ದಾರರ ಕೈಯಲ್ಲಿದ್ದ ಪೊಲೀಸ್ ಅಧಿಕಾರವನ್ನು ಕಿತ್ತುಕೊಂಡಿತು. ಅದನ್ನು ಪ್ರಷ್ಯಾದ ಮೇಲ್ಮನೆ ಎಷ್ಟು ಬಲವಾಗಿ ತಡೆಯಿತೆಂದರೆ, ದೊರೆ ಹೊಸ ಸದಸ್ಯರನ್ನು ನೇಮಿಸಿ ಬಹುಮತ ಹೊಂದಿಸಿದ ಮೇಲೆಯೇ ಅದು ಅಂಗೀಕಾರವಾಯಿತು. ಕಿತ್ತುಕೊಂಡ ಅಧಿಕಾರ, ಕೆಲವು ಗ್ರಾಮಗಳನ್ನು ಸೇರಿಸಿ ಮಾಡಿದ ‘ಆಮ್ಟ್ಸ್‌ಬೆತ್ಸಿರ್ಕ್’ಗಳ ಮುಖ್ಯಸ್ಥರಿಗೆ ಹೋಯಿತು. ಇವನ್ನು ಹೋಬಳಿ ಎನ್ನಲು ನನಗೆ ಅಡ್ಡಿಯಿಲ್ಲ, ಆದರೆ ಅದರ ಮುಖ್ಯಸ್ಥ ಸಂಬಳವಿಲ್ಲದ ಗೌರವ ಹುದ್ದೆಯವನಾದ್ದರಿಂದ ‘ಶೇಕದಾರ’ ಎನ್ನಬಾರದು. ಅದಕ್ಕಿಂತ ಮುಖ್ಯವಾದದ್ದು, ಕಾಯ್ದೆ ಕ್ರೈಸಿಗೆ ಒಂದು ಚುನಾಯಿತ ಸಭೆಯನ್ನೂ, ಲಾಂಟ್‌ರಾಟ್ ಮತ್ತು ಆರು ಮಂದಿ ಸದಸ್ಯರ ಒಂದು ಸಮಿತಿಯನ್ನೂ ಕೊಟ್ಟಿತು. ಸಭೆಯ ಚುನಾವಣೆಯಲ್ಲಿ ದೊಡ್ಡ ಭೂಮಾಲೀಕರು, ಗ್ರಾಮಗಳು, ಪಟ್ಟಣಗಳು ಎಂದು ಮೂರು ಗುಂಪುಗಳಿದ್ದವು, ಆದ್ದರಿಂದ ಅದನ್ನು ಇಂದಿನ ಅರ್ಥದ ಪ್ರಜಾಪ್ರಭುತ್ವ ಎನ್ನಲಾಗದು. ಆದರೂ ಕ್ರೈಸ್ ಇಲ್ಲಿಂದ ಮುಂದೆ ದೊರೆಯ ಆಡಳಿತದ ಒಂದು ತುಂಡು ಮಾತ್ರವಾಗಿರದೆ, ತನ್ನದೇ ಆಸ್ತಿ, ಸಾಲ, ಸಂಸ್ಥೆಗಳುಳ್ಳ ಒಂದು ಸಾರ್ವಜನಿಕ ಸಂಸ್ಥೆಯೂ ಆಯಿತು.

ಇದರ ಅರ್ಥ ನನಗೆ ನಿಜವಾಗಿ ತಟ್ಟಿದ್ದು ಬೀಗರ ಕಟ್ಟಿನಲ್ಲಿದ್ದ ಒಂದು ಚಿತ್ರದ ಅಂಚೆ ಕಾರ್ಡಿನಿಂದ. ಕಾಲುವೆಯ ದಂಡೆಯ ಮೇಲೆ ಸಣ್ಣ ಹಳಿ, ಹಳಿಯ ಮೇಲೆ ಮೇಲಿನ ತಂತಿಯಿಂದ ವಿದ್ಯುತ್ ಪಡೆಯುವ ಪುಟ್ಟ ಎಂಜಿನ್ನು, ಅದರಿಂದ ಓರೆಯಾಗಿ ಬಿಗಿದು ನಿಂತಿರುವ ಹಗ್ಗ, ಹಗ್ಗದ ತುದಿಯಲ್ಲಿ ನೀರಿನ ಮೇಲೆ ಸರಕು ದೋಣಿ. ಅದು ಟೆಲ್ಟೋ ಕಾಲುವೆ. ಹಾವೆಲ್ ನದಿಯ ಕಡೆಯಿಂದ ಡಾಮೆ ನದಿಯವರೆಗೆ ಸುಮಾರು 38 ಕಿಲೋಮೀಟರ್ ಉದ್ದದ ಈ ಕಾಲುವೆಯ ಕೆಲಸ 1900ರಲ್ಲಿ ಆರಂಭವಾಗಿ, 1906ರ ಜೂನ್ 2ರಂದು ಚಕ್ರವರ್ತಿ ಎರಡನೆಯ ವಿಲ್ಹೆಲ್ಮ್ ಅದನ್ನು ಉದ್ಘಾಟಿಸಿದ. ಕಟ್ಟಿಸಿದ್ದು ಸಾಮ್ರಾಜ್ಯವಲ್ಲ, ಪ್ರಾಂತವೂ ಅಲ್ಲ, ಟೆಲ್ಟೋ ಕ್ರೈಸ್. 1885ರಿಂದ 1908ರವರೆಗೆ ಅಲ್ಲಿ ಲಾಂಟ್‌ರಾಟ್ ಆಗಿದ್ದ ಎರ್ನ್‌ಸ್ಟ್ ಫೋನ್ ಷ್ಟೂಬೆನ್‌ರೌಖ್ ಅದರ ಹಿಂದಿನ ಶಕ್ತಿಯಾಗಿದ್ದರು. ನಮ್ಮ ಒಂದು ಜಿಲ್ಲೆ ತಾನೇ ನಿರ್ಧರಿಸಿ, ತಾನೇ ಹಣ ಹೊಂದಿಸಿ ಅಂಥ ಕಾಲುವೆ ತೋಡುವುದನ್ನು ಊಹಿಸಿಕೊಂಡರೆ ‘ಜಿಲ್ಲೆ’ ಎಂಬ ನಮ್ಮ ಪದ ಎಲ್ಲಿ ಕಡಿಮೆ ಬೀಳುತ್ತದೆಂಬುದು ತಿಳಿಯುತ್ತದೆ. ಅದೇ ಕಟ್ಟಿನಲ್ಲಿ, ಮನೆಯ ಹಿರಿಯರೊಬ್ಬರನ್ನು ಕಾಲುವೆಯ ಕೆಲಸಕ್ಕೆ ತೆಗೆದುಕೊಂಡ ಪತ್ರವೂ ಇದೆ. ಅದನ್ನು ಹೊರಡಿಸಿದ್ದು ಕ್ರೈಸಿನ ಸಮಿತಿ, ರುಜುವಿನ ಕೆಳಗಿನ ಪದವಿ ಲಾಂಟ್‌ರಾಟ್. ಜಿಲ್ಲಾಧಿಕಾರಿಯೂ ಜಿಲ್ಲಾ ಪಂಚಾಯಿತಿಯ ಅಧ್ಯಕ್ಷನೂ ಒಬ್ಬನೇ ಆಗಿ ಹಾಕಿದ ರುಜು ಅದು.

ಉಳಿದ ಚರಿತ್ರೆಯನ್ನು ಬೇಗ ಮುಗಿಸುತ್ತೇನೆ. 1947ರ ಫೆಬ್ರವರಿ 25ರಂದು ಮಿತ್ರರಾಷ್ಟ್ರಗಳು ಪ್ರಷ್ಯಾವನ್ನೇ ವಿಸರ್ಜಿಸಿದವು. ಪೂರ್ವ ಜರ್ಮನಿಗೆ ಸೇರಿದ ಟೆಲ್ಟೋ 1952ರಲ್ಲಿ ಒಡೆದು, ತ್ಸೋಸೆನ್, ಕೋನಿಗ್ಸ್ ವುಸ್ಟರ್‌ಹೌಸೆನ್ ಮೊದಲಾದ ಹೊಸ ಕ್ರೈಸುಗಳಲ್ಲಿ ಹಂಚಿಹೋಯಿತು. ಅದೇ ವರ್ಷ ರಾಜ್ಯಗಳ ಬದಲಿಗೆ 14 ‘ಬೆತ್ಸಿರ್ಕ್’ಗಳು ಬಂದವು. ಇಲ್ಲಿ ಅನುವಾದಕರು ಎಚ್ಚರದಿಂದಿರಬೇಕು: ಹಳೆಯ ಪ್ರಷ್ಯಾದ ಪೋಟ್ಸ್‌ಡಾಮ್ ಘಟಕ, 1952ರ ಪೋಟ್ಸ್‌ಡಾಮ್ ಘಟಕ, ಬರ್ಲಿನ್ ನಗರದೊಳಗಿನ ನೊಯ್‌ಕೋಲ್ನ್ ಘಟಕ, ಈ ಮೂರರ ಹೆಸರಿನಲ್ಲಿಯೂ ಬೆತ್ಸಿರ್ಕ್ ಇದೆ, ಮೂರೂ ಬೇರೆ ಬೇರೆ. ಮೊದಲನೆಯದಕ್ಕೆ ವಿಭಾಗ, ಎರಡನೆಯದಕ್ಕೆ ಪ್ರಾಂತ, ಮೂರನೆಯದಕ್ಕೆ ನಗರ ವಲಯ ಎಂದು ಬರೆದುಕೊಂಡಿದ್ದೇನೆ. 1993ರಲ್ಲಿ ಲುಕೆನ್‌ವಾಲ್ಡೆ, ಯೂಟರ್‌ಬೋಗ್, ತ್ಸೋಸೆನ್ ಸೇರಿ ‘ಟೆಲ್ಟೋ-ಫ್ಲೇಮಿಂಗ್’ ಎಂಬ ಲಾಂಟ್‌ಕ್ರೈಸ್ ಆಯಿತು. ಟೆಲ್ಟೋ ಪಟ್ಟಣ ಮಾತ್ರ ಅದರಲ್ಲಿಲ್ಲ, ಅದು ಪಕ್ಕದ ಪೋಟ್ಸ್‌ಡಾಮ್-ಮಿಟೆಲ್‌ಮಾರ್ಕಿನಲ್ಲಿದೆ. ಟೆಲ್ಟೋ ಎಂಬುದು ಪಟ್ಟಣದ ಹೆಸರಾಗಿರುವಂತೆ ಬರ್ಲಿನ್ನಿನ ದಕ್ಷಿಣದ ಎತ್ತರದ ಬಯಲು ಸೀಮೆಯ ಹೆಸರೂ ಹೌದು. ಕ್ರೈಸಿಗೆ ಅಂಟಿಕೊಂಡದ್ದು ಆ ಸೀಮೆಯ ಹೆಸರೆಂದು ತಿಳಿದರೆ ಗೊಂದಲವಿಲ್ಲ.

ಹೀಗಾಗಿ 1897ರ ಮೊಹರಿಗೆ ‘ರಿಕ್ಸ್‌ಡೋರ್ಫ್ ಗ್ರಾಮ, ಟೆಲ್ಟೋ ಜಿಲ್ಲೆ’ ಎಂದೂ, 1903ರದಕ್ಕೆ ‘ರಿಕ್ಸ್‌ಡೋರ್ಫ್ ನಗರ’ ಎಂದೂ, 1940ರದಕ್ಕೆ ‘ಟೆಲ್ಟೋ ಗ್ರಾಮಾಂತರ ಜಿಲ್ಲೆ’ ಎಂದೂ ಇಟ್ಟುಕೊಂಡು, ಕರಡನ್ನು ತಿದ್ದಿದ್ದೇನೆ. ಕಾಲುವೆಯ ಪತ್ರದ ರುಜುವಿನ ಪದವಿ ಮಾತ್ರ ಇನ್ನೂ ಖಾಲಿಯಿದೆ. ನಮ್ಮಲ್ಲಿಯೂ ಜಿಲ್ಲಾ ಬೋರ್ಡುಗಳ ಆರಂಭದ ದಶಕಗಳಲ್ಲಿ ಕಲೆಕ್ಟರರೇ, ಮೈಸೂರಿನ ಕಡೆ ಡೆಪ್ಯುಟಿ ಕಮಿಷನರರೇ, ಬೋರ್ಡಿನ ಅಧ್ಯಕ್ಷರಾಗಿ ಕೂರುತ್ತಿದ್ದ ಕಾಲವಿತ್ತು. ಅಂದು ಬೋರ್ಡಿನ ರಸ್ತೆಗೋ ಛತ್ರಕ್ಕೋ ಸಂಬಂಧಿಸಿದ ಕನ್ನಡ ಕಾಗದಗಳಲ್ಲಿ ಅವರು ಯಾವ ಪದವಿಯ ಹೆಸರಿನ ಕೆಳಗೆ ರುಜು ಹಾಕುತ್ತಿದ್ದರು? ಬೋರ್ಡಿನ ಗುತ್ತಿಗೆ ಪತ್ರವೋ ನೇಮಕದ ಪತ್ರವೋ ಯಾರ ಮನೆಯ ಪೆಟ್ಟಿಗೆಯಲ್ಲಾದರೂ ಇದ್ದರೆ, ರುಜುವಿನ ಕೆಳಗಿನ ಆ ಒಂದು ಸಾಲನ್ನು ಇದ್ದದ್ದಿದ್ದ ಹಾಗೆ ನಕಲು ಮಾಡಿ ಕಳುಹಿಸಬೇಕೆಂದು ಕೇಳಿಕೊಳ್ಳುತ್ತೇನೆ.